ಒಸಿ ಸಡಿಲ

ಅಶೋಕಪುರದ ರೈಲ್ವೆ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ
ಬೋಗಿಯ ಕೆಳಗೆ ಅಂಗಾತ ಮಲಗಿ ದುಡಿದವನು ನಾನು.
ಗ್ರೀಸು ನನಗೆ ಚರ್ಮದ ಇನ್ನೊಂದು ಪದರ.
ಗಾಲಿಗೆ ಸುತ್ತಿಗೆಯಿಂದ ಒಮ್ಮೆ ತಟ್ಟಿದರೆ ಸಾಕು,
ಬಿರುಕಿದೆಯೋ ಇಲ್ಲವೋ ಕಿವಿ ಹೇಳಿಬಿಡುತ್ತದೆ.

ಹೋದ ಮಾಗಿಯಲ್ಲಿ
ನನ್ನದೇ ತಲೆಯೊಳಗೆ ಏನೋ ಕಿರುಗುಟ್ಟತೊಡಗಿತು.
ತಟ್ಟಿ ನೋಡುವುದು ಎಲ್ಲಿಗೆ?

ರಾತ್ರಿ ದೀಪ ಆರಿಸಿದ್ದೇ ತಡ
ಬೆಳಿಗ್ಗೆ ಬಿಟ್ಟುಕೊಟ್ಟ ಬೋಗಿ ಬರುತ್ತದೆ:
ಎಡಗಡೆ, ಮೂರನೆಯ ಬೋಲ್ಟು.
ಬಿಗಿದೆನೇ? ಬಿಗಿದೆ. ಬಿಗಿದೆನೇ?
ರೈಲು ಪಾಂಡವಪುರ ದಾಟುತ್ತದೆ, ಮಂಡ್ಯ ದಾಟುತ್ತದೆ,
ಮದ್ದೂರಿನಲ್ಲಿ ವಡೆ ಮಾರುವವನು ಹತ್ತಿ ಇಳಿಯುತ್ತಾನೆ,
ನಾನಿನ್ನೂ ಹಾಸಿಗೆಯಲ್ಲಿ
ಸ್ಪ್ಯಾನರ್ ಹಿಡಿದುಕೊಂಡೇ ಇದ್ದೇನೆ.

ಭಾನುವಾರ ವಿಹಾರಕ್ಕೆ ಹೋದೆ.
ಬಿಳಿ ಬಟ್ಟೆಯವರ ನಡುವೆ ಮಂಡಿ ಮಡಚಿ ಕೂತು
ಉಸಿರಿನ ಕೊರಳಪಟ್ಟಿ ಹಿಡಿದು ನಿಲ್ಲಿಸಿದೆ.
ಒಂದು. ಎರಡು. ಹಲ್ಲು ಕಚ್ಚಿ, ಮೂರು.
ಎದುರಿಗೆ ಅರೆಗಣ್ಣಿನ ಬುದ್ಧ,
ಇತ್ತ ನಾನು, ಕಳ್ಳನನ್ನು ಕಾಯುವ ಪೊಲೀಸಿನವನು.

ಹೊರಗೆ ಚಹಾದಂಗಡಿಯಲ್ಲಿ ಚಿಕ್ಕಜವರಯ್ಯ ಸಿಕ್ಕರು,
ಮೂವತ್ತು ವರ್ಷ ಊರಿಗೆಲ್ಲ ಕಾಗದ ಹಂಚಿದವರು.
"ನಟ್ಟು ಎಷ್ಟು ಬಿಗೀತೀಯಪ್ಪ?"
"ಅದಕ್ಕೊಂದು ರೆಂಚ್ ಅದೆ ಅಣ್ಣ.
ಲೆಕ್ಕ ತುಂಬಿದ ಕೂಡ್ಲೆ ಟಿಕ್ ಅಂತದೆ."
"ಆಮೇಕೆ?"
"ಕೈ ಬುಟ್ಬುಡ್ತೀನಿ."
"ಬುಡದೆ ತಿರುಗಿಸ್ತಾನೇ ಇದ್ರೆ?"
"ಥ್ರೆಡ್ಡು ಹೊಂಟೋಯ್ತದೆ."
ಅವರು ನಗಲಿಲ್ಲ. ಬನ್ನು ಚಹಾಕ್ಕೆ ಅದ್ದುತ್ತ ಅಂದರು:
"ಮನ್ಸು ಕಬ್ಬಿಣಕ್ಕಿಂತ ಮೆತ್ತಗಿರೋ ಸಾಮಾನು ಕಣಪ್ಪ.
ಒಸಿ ಸಡಿಲ ಬುಡು. ಓಡಿಸ್ಬ್ಯಾಡ, ಹಿಡೀಬ್ಯಾಡ.
ಬಂದಾಗ ಬಂತು ಅಂತ ಗೊತ್ತಿದ್ರೆ ಸಾಕು."
ನೆಂದ ಬನ್ನು ಲೋಟದೊಳಗೆ ಕಳಚಿಕೊಂಡಿತು.
"ಬಿತ್ತು," ಅಂದರು.
ಇನ್ನೊಂದು ತುಂಡು ಮುರಿದರು.

ಅಂದಿನಿಂದ ನಾನೇನೂ ಋಷಿಯಾಗಿಲ್ಲ.
ಬಚ್ಚಲಲ್ಲಿ ಮೊದಲ ಚೊಂಬು ನೀರು ಬೆನ್ನಿಗೆ ಬಿದ್ದದ್ದು ತಿಳಿಯುತ್ತದೆ.
ಎರಡನೆಯದು ಬೀಳುವಷ್ಟರಲ್ಲಿ
ಸೂಪರ್‌ವೈಸರ್ ಜೊತೆ ಜಗಳಕ್ಕೆ ಹೊರಟುಹೋಗಿರುತ್ತೇನೆ.
ನಾಲ್ಕನೆಯದಕ್ಕೋ ಐದಕ್ಕೋ ವಾಪಸು.
ಸೋಪು ಎಲ್ಲಿಟ್ಟೆ ಎಂದು ಹುಡುಕುತ್ತೇನೆ.

ಗೇಟು ಬಿದ್ದು ಎಲ್ಲರೂ ಹಾರನ್ ಒತ್ತುವಾಗ
ಸೈಕಲ್ಲಿನಿಂದ ನೆಲಕ್ಕೂರಿದ ಒಂದು ಕಾಲು ಸಿಗುತ್ತದೆ.
ಚಪ್ಪಲಿಯ ಕೆಳಗೊಂದು ಜಲ್ಲಿಕಲ್ಲು.
ದವಡೆ ಬಿಗಿದಿರುವುದು ಗೊತ್ತಾಗುತ್ತದೆ,
ಗೊತ್ತಾದದ್ದಕ್ಕೇ ಬಿಡುತ್ತದೆ.
ಕೆಲವು ಸಲ ಬಿಡುವುದಿಲ್ಲ.
ಅದೂ ಇರಲಿ ಎಂದು ಗೇಟಿನ ಆಚೆಗಿನ ಹೊಂಗೆಮರ ನೋಡುತ್ತೇನೆ.

ಕೆಲಸದಲ್ಲಿ: ಟಿಕ್.
ಕೈ ತೆಗೆಯುತ್ತೇನೆ.
ರೆಂಚಿನ ಒತ್ತು ಅಂಗೈಯಲ್ಲಿ ಒಂದು ಗಳಿಗೆ ಉಳಿದು
ಮೆಲ್ಲಗೆ ಆರಿಹೋಗುತ್ತದೆ.
ಇಪ್ಪತ್ತೆರಡು ವರ್ಷದಲ್ಲಿ
ಅದು ಹೋಗುವುದನ್ನು ಒಮ್ಮೆಯೂ ಕಂಡಿರಲಿಲ್ಲ.

ನಿನ್ನೆ ರಾತ್ರಿ ಮತ್ತೆ ಬಂತು, ಮೂರನೆಯ ಬೋಲ್ಟು.
ಬಾ ಎನ್ನಲಿಲ್ಲ. ಹೋಗು ಎನ್ನಲಿಲ್ಲ.
ಎಲ್ಲೋ ಒಂದು ಗಾಡಿ ಕೂಗಿತು.
ಹೆಂಚಿನ ಮೇಲೆ ಬೆಕ್ಕು ನಡೆಯಿತು, ನಿಂತಿತು, ನಡೆಯಿತು.
ಎದೆ ಏರಿತು, ಇಳಿಯಿತು,
ನನ್ನ ಅಪ್ಪಣೆ ಕೇಳದೆ.

ದೇವೀರಮ್ಮ ಮಗ್ಗುಲಾದಳು.
"ಇನ್ನೂ ನಿದ್ದೆ ಬರ್ನಿಲ್ವಾ?"
"ಇಲ್ಲ."
"ಅದೇ ಬೋಲ್ಟಾ?"
"ಅದೂ ಅದೆ. ನೀನೂ ಇದ್ದೀಯ. ಬೆಕ್ಕೂ ಅದೆ."
ಹೊದಿಕೆ ತನ್ನ ಕಡೆಗೆ ಎಳೆದುಕೊಂಡು ಗೊಣಗಿದಳು:
"ಸರೋಯ್ತು. ಎಚ್ಚರವಾಗೇ ಇರು ಅಂಗಾರೆ."

ಇದ್ದೆ.