ಕಡೆಗಣ್ಣು

ಅದು ಕೇಸಿಂಗ್ ಪೈಪಿನ ತುಂಡು,
ಯಾರದೋ ಕೊಳವೆಬಾವಿಗೆಂದು ತಂದು ಮಿಕ್ಕಿದ್ದು.
ನೆಲದೊಳಕ್ಕೆ ಇಳಿಯಬೇಕಿದ್ದದ್ದು
ಇನಾಯತನ ಕೈಗೆ ಸಿಕ್ಕಿ ಮೇಲೆ ನೋಡಲು ಕಲಿತಿದೆ.
ತಳದಲ್ಲಿ ನಾಲ್ಕೂವರೆ ಇಂಚಿನ ಕನ್ನಡಿ;
ಕಡೂರಿನ ತನ್ನ ಕನ್ನಡಕದಂಗಡಿಯಲ್ಲಿ
ಒಂದು ರಂಜಾನಿನಿಂದ ಇನ್ನೊಂದರವರೆಗೆ
ಅವನೇ ಉಜ್ಜಿ ಉಜ್ಜಿ ಗುಳಿ ತೆಗೆದದ್ದು.

ಎಳ್ಳಮಾವಾಸ್ಯೆ. ಬೈಕಿನ ಹಿಂದೆ ಇನಾಯತ,
ಅವನ ತೊಡೆಯ ಮೇಲೆ ಕಂಬಳಿ ಸುತ್ತಿದ ಪೈಪು.
"ಏನ್ ಲೈನ್‌ಮನ್ನೇ, ಮೋಟ್ರು ಸುಟ್ಟೋಯ್ತಾ?"
ಬಾಸೂರಿನ ಟೀ ಅಂಗಡಿಯಲ್ಲಿ ಕೇಳಿದರು.
ಹೂಂ ಅಂದೆ. ಇನ್ನೇನು ಹೇಳಲಿ.

ಕಾವಲಿನ ಹುಲ್ಲು ಒಣಗಿ ಮೊಣಕಾಲಿಗೆ ಗೀರುತ್ತದೆ.
ಟಾರ್ಚಿನ ಬಾಯಿಗೆ ಕೆಂಪು ಬಲೂನು ಬಿಗಿದು
ಸ್ಟ್ಯಾಂಡು ನಿಲ್ಲಿಸಿದೆವು.
ಎಲ್ಲೋ ಹುಲ್ಲೆಗಳು ಒಮ್ಮೆ ಕಾಲು ಬಡಿದು ಸುಮ್ಮನಾದವು.
ಗೇಟಿನ ಬಳಿಯ ಎಲ್‌ಇಡಿ ಮಾತ್ರ ಸುಮ್ಮನಾಗಲಿಲ್ಲ,
ಹೋದ ತಿಂಗಳು ನಾನೇ ಹತ್ತಿ ಕೂರಿಸಿದ್ದು.
"ನಿನ್ನ ಕೂಸಲ್ಲವಾ, ಮಲಗಿಸೋ" ಅಂದ ಇನಾಯತ.
ಅದಕ್ಕೆ ಬೆನ್ನು ಹಾಕಿ, ಕಂಬಳಿ ತಲೆಮೇಲೆ ಎಳೆದುಕೊಂಡು
ಒಬ್ಬರಾದ ಮೇಲೊಬ್ಬರು ಬಗ್ಗಿದೆವು.

ಪರ್ಸಿಯಸ್ಸಿನ ಜೋಡಿ ಗುಚ್ಛ:
ಹಬ್ಬಕ್ಕೆಂದು ಆರಿಸಿಟ್ಟ ಬಿಳಿ ಎಳ್ಳನ್ನು
ಮಗುವೊಂದು ಕರಿಕಂಬಳಿಯ ಮೇಲೆ
ಎರಡು ಕಡೆ ಎರಡು ಹಿಡಿ ಚೆಲ್ಲಿ ಓಡಿದಂತೆ.
ಮಹಾವ್ಯಾಧನ ಕತ್ತಿಯ ನಡುವೆ
ಚಳಿಯಲ್ಲಿ ಬಿಟ್ಟ ಉಸಿರು, ಚದುರದೆ ಅಲ್ಲೇ ನಿಂತಿದೆ.

ಆಮೇಲೆ ದೇವಯಾನಿ.
ಇನಾಯತ ಹುಡುಕಿ ಕೊಟ್ಟ. ನೋಡಿದೆ.
ಒರೆಸಿದ ಮೇಲೂ ಉಳಿದ ಸೀಮೆಸುಣ್ಣದ ಒಂದು ಬೊಟ್ಟು. ಇಷ್ಟೇನಾ?
"ನೇರ ನೋಡಬೇಡ. ನೇರ ನೋಡಿದರೆ ಇಷ್ಟೇ.
ಪಕ್ಕದ ಚುಕ್ಕಿಗೆ ಕಣ್ಣಿಡು. ಇವಳನ್ನು ಕಡೆಗಣಿಸು."

ಕಡೆಗಣಿಸಿದೆ.
ಬೊಟ್ಟು ಎರಡೂ ಬದಿಗೆ ಹಬ್ಬಿತು, ನಿಧಾನ,
ಬಟ್ಟೆಗೆ ಬಿದ್ದ ಎಣ್ಣೆಯ ಹಾಗೆ.
ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ
ನನ್ನನ್ನು ಕಡೆಗಣಿಸಿದವರ ಪಟ್ಟಿ ನನ್ನ ಬಳಿ ಇದೆ.
ಅವರಲ್ಲಿ ಯಾರಿಗಾದರೂ ನಾನು ಹೀಗೆ ಕಂಡಿದ್ದೆನೋ ಏನೋ.
ನಗು ಬಂತು, ಪೈಪು ಅಲುಗಿತು.

"ಬಾವಿಗೆ ಬಿದ್ದವಳಲ್ಲವಾ ಇವಳು?"
ಹೌದು. ಶರ್ಮಿಷ್ಠೆ ನೂಕಿದಳು,
ರಾಜ ಬಂದು ಬಲಗೈ ಕೊಟ್ಟು ಎತ್ತಿದ.
"ಅದಕ್ಕೇ ಬಾವಿ ಪೈಪಿಗೆ ಸಿಕ್ಕಳು" ಅಂದು
ಇನಾಯತ ಬೀಡಿ ತೆಗೆದ. ಕಡ್ಡಿ ಗೀರಿದರೆ
ಕತ್ತಲಿಗೆ ಪಳಗಿದ ಕಣ್ಣು ಹೋಗುತ್ತದೆಂದು ನೆನಪಾಗಿ
ಹಾಗೇ ಕಿವಿಯ ಮೇಲೆ ಸಿಕ್ಕಿಸಿಕೊಂಡ.

ಆಗ ಕರೆಂಟು ಹೋಯಿತು.
ಗೇಟು ಹೋಯಿತು, ಬಾಸೂರು ಹೋಯಿತು, ಆಚೆಯ ಊರುಗಳೂ.
ಆಕಾಶ ಒಮ್ಮೆಲೇ ಒಂದು ಮೊಳ ಕೆಳಗಿಳಿಯಿತು.
ಇನಾಯತ "ಯಾ ಅಲ್ಲಾ" ಅಂದ.
ನಾನು ಇನ್ನೊಮ್ಮೆ ಬಗ್ಗುವಷ್ಟರಲ್ಲಿ ಜೇಬಿನಲ್ಲಿ ಫೋನು,
ಸಬ್‌ಸ್ಟೇಷನ್ನಿನ ಓಂಕಾರಮೂರ್ತಿ:
"ಜಂಪರ್ ಕಟ್ಟಾಗಿದೆ. ಎಲ್ಲಿದ್ದೀಯಾ?"
ಇಲ್ಲೇ ಹತ್ತಿರ ಅಂದೆ,
ಇಪ್ಪತ್ತೈದು ಲಕ್ಷ ವರ್ಷ ದೂರದಿಂದ.

ಆ ಬೆಳಕು ಹೊರಟಾಗ ಊರಿರಲಿಲ್ಲ, ಕಂಬವಿರಲಿಲ್ಲ,
ತಡವಾಯಿತೆಂದು ಬರೆಯಲು ದೂರಿನ ಪುಸ್ತಕವಿರಲಿಲ್ಲ.
ನನಗೆ ಅರ್ಧ ಗಂಟೆ.

ಸ್ವಿಚ್ಚು ಇಳಿಸಿ, ಲೈನ್ ಕ್ಲಿಯರ್ ತೆಗೆದುಕೊಂಡು ಕಂಬ ಹತ್ತಿದೆ.
ಹಲ್ಲಿನಲ್ಲಿ ಟಾರ್ಚು. ಬಲೂನು ಬಿಚ್ಚಲು ಮರೆತಿದ್ದೆ,
ಕೆಂಪು ಬೆಳಕಿನಲ್ಲೇ ಜಂಪರ್ ಬಿಗಿದೆ.
ಬಿಗಿದು, ಟಾರ್ಚು ಆರಿಸಿ,
ವಾಯವ್ಯಕ್ಕೆ ತಿರುಗಿ ತುಸು ನಿಂತೆ;
ಅವಳನ್ನಲ್ಲ, ಪಕ್ಕದ ಚುಕ್ಕಿಯನ್ನು ನೋಡುತ್ತ.
ಪೈಪಿಲ್ಲ, ಕನ್ನಡಿಯಿಲ್ಲ.
ಇದ್ದಳು.

ಕೆಳಗೆ ಕತ್ತಲಲ್ಲಿ ಯಾರೋ ಕೆಮ್ಮಿದರು.
"ಆಯ್ತಾ ಅಣ್ಣ? ಹುಡುಗಿ ಓದ್ಬೇಕು."

ಇಳಿದೆ.
ಕಥೆಯಲ್ಲಿ ರಾಜ ಚಾಚಿದ್ದು ಬಲಗೈ.
ನನ್ನ ಬಲಗೈ ರಬ್ಬರ್ ಗ್ಲೌಸಿನಲ್ಲಿ
ಸ್ವಿಚ್ಚಿನ ಹಿಡಿಯ ಮೇಲಿತ್ತು.
ಎತ್ತಿದೆ. "ಕೊಡಿ" ಅಂದೆ ಫೋನಿಗೆ.

ಬಂತೂ! ಎಂದು ಊರೆಲ್ಲ ಕೂಗಿತು.
ಅವಳು ಮತ್ತೆ ಬಾವಿಯೊಳಕ್ಕೆ ಹೋದಳು.
ದೂರ ಕಾವಲಿನಲ್ಲಿ,
ಕಂಡಿತೋ ಕಂಡಂತಾಯಿತೋ,
ಇನಾಯತನ ಬೀಡಿ ಹೊತ್ತಿಕೊಂಡಿತು.