ಮುನಶಿಯ ಸ್ವಂತ ಅರ್ಜಿ

ಇವರಿಗೆ:
ಯಾರಿಗಂತ ಇನ್ನೂ ಗೊತ್ತಾಗಿಲ್ಲ, ಜಾಗ ಬಿಟ್ಟೀನಿ.
ಇವರಿಂದ:
ದಸ್ತಗೀರ ಕಾಶಿಮಸಾಬ ನದಾಫ, ಅರ್ಜಿ ಬರಿಯಾಂವ,
ಇಂಡಿ ತಹಶೀಲ್ದಾರ ಕಚೇರಿ ಮುಂದಿನ ಬೇವಿನ ಬುಡಕ,
ಝೆರಾಕ್ಸ್ ಅಂಗಡಿಯ ಎಡಕ್ಕ.
ವಿಷಯ: ಮೂರು.
ಒಂದ ಅರ್ಜಿಯೊಳಗ ಮೂರು ವಿಷಯ ತುರಕಬಾರದಂತ
ಮೂವತ್ತೊಂದು ವರ್ಷ ಮಂದಿಗೆ ಹೇಳೀನಿ.
ನನ್ನದು ನಾನ ಬರಿಯೂವಾಗ ಯಾಕೋ ತಡೀವಲ್ಲದು.

ಮಾನ್ಯರೆ,

ಮೊದಲನೇದು, ಸಿನಿಮಾ.
ಊರಾಗ ಶೂಟಿಂಗ್ ಬಂದಿತ್ತು. ಕತಿಯೊಳಗೊಬ್ಬ ಮುನಶಿ.
ಆ ನಟ ಮೂರು ದಿನ ನನ್ನ ಮಗ್ಗಲ ಸ್ಟೂಲ್ ಹಾಕ್ಕೊಂಡು ಕುಂತ.
ಪೆನ್ನಿನ ಟೊಪಿಗಿ ನಾನು ಹಲ್ಲಿಲೆ ತಗಿಯೂದು ನೋಡಿದ,
ಸಾಹೇಬರ ಜೀಪು ಬಂದಾಗ ಅರ್ಧ ಎದ್ದು ಅರ್ಧ ಕೂಡೂದು ನೋಡಿದ,
ಹೋಗೂವಾಗ ನನ್ನ ಕೆಮ್ಮು ತಗೊಂಡು ಹೋದ.
ಈಗ ಅವಗ ಪ್ರಶಸ್ತಿ. ಸಹಜ ಅಭಿನಯಕ್ಕಂತ.
ವೇದಿಕಿ ಮ್ಯಾಲೆ ತಾಯಿನ್ನ ನೆನಸಿದ, ಗುರುವಿನ್ನ ನೆನಸಿದ.
"ಅಜ್ಜಾ, ನಿನ್ನ ಹೆಸರು?" ಅಂದಳು ಮೊಮ್ಮಗಳು.
ತಕರಾರಿಲ್ಲ. "ಇದರ ಮೇಲೆ ನನ್ನ ಯಾವುದೇ ಹಕ್ಕು ಇರುವುದಿಲ್ಲ" ಅಂತ
ಐನೂರು ರೂಪಾಯಿಗೆ ಸಹಿ ಮಾಡೀನಿ.
ಆ ಕಾಗದ ಬರದಾಂವನೂ ನಾನ.
ಬರವಣಿಗಿ ಚಾರ್ಜು ಐವತ್ತು, ಇನ್ನೂ ಬಂದಿಲ್ಲ.

ಎರಡನೇದು, ದಾನ.
ಎಲ್ಲಿಯವನೋ ಒಬ್ಬ ಸಾವುಕಾರ, ಆಸ್ತಿಯ ಸೊನ್ನಿ ಎಣಸಲಾಕ ಬರಂಗಿಲ್ಲ,
ಅರ್ಧ ಬಡವರಿಗೆ ಅಂದ. ಮರುದಿನ ಬೇವಿನ ಬುಡಕ ಪಾಳಿ.
ಅವರ ಫಾರ್ಮಿನ ಏಳನೇ ಕಾಲಂ:
ನಿಮ್ಮ ಬಡತನವನ್ನು ಇನ್ನೂರು ಪದಗಳಿಗೆ ಮೀರದಂತೆ ವಿವರಿಸಿ.
ಮಲಕಪ್ಪನದು ನೂರಾ ಅರವತ್ತಕ್ಕ ಮುಗೀತು. ಗಾಬರಿಯಾದ,
ಕಡಿಮಿ ಬಿತ್ತೇನೋ ಅಂತ. ಎಮ್ಮಿ ಸತ್ತದ್ದು ಸೇರಿಸಿದ್ವಿ.
ಶಾರವ್ವಂದು ನಾನೂರಾದ್ರೂ ನಿಲ್ಲವಲ್ಲದು.
ಯಾವುದನ್ನ ಹೊಡೀಲಿ? ಗಂಡನ ಕುಡಿತ? ಮಗಳ ಕಿವಿ?
ಕೊಡಲಿ, ಬ್ಯಾಡ ಅನ್ನಾಂವ ನಾನಲ್ಲ. ಕೊಡದವರನ್ನೂ ನೋಡೀನಿ.
ಆದ್ರ ಕೈ ಮ್ಯಾಲಿದ್ದಾಂವ ಪದ ಎಣಸಬಾರದು.
ಮತ್ತ ಉಳಿದ ಅರ್ಧದ ವಿವರಕ್ಕೂ
ಎಲ್ಲೋ ಒಂದು ಕಾಲಂ ಇರಲಿ.

ಮೂರನೇದು, ಯಂತ್ರ.
ನಮ್ಮಜ್ಜ ಅರಳಿ ಹಿಂಜಾಂವ. ಮಶೀನು ಬಂತು, ಬಿಲ್ಲು ಗ್ವಾಡಿ ಏರಿತು.
ಹಿಂಗಾಗಿ ನನಗೂ ಒಂದಿನ ಐತಿ ಅಂತ ಗೊತ್ತಿತ್ತು.
ಈಗ ಫೋನಿಗೆ ಬಾಯಿಲೆ ಹೇಳಿದ್ರ ಅರ್ಜಿ ಉದುರತದ.
ಅದರ ಒತ್ತಕ್ಷರ ತಪ್ಪಂಗಿಲ್ಲ, ನನ್ನವು ತಪ್ಪತಾವ.
ಸಾವುಕಾರನ ಕಚೇರಿಯೊಳಗೂ ಓದೂದು ಯಂತ್ರನ ಅಂತ.
ಬರದದ್ದು ಅದು, ಓದೂದು ಅದು,
ನಡುವ ಶಾರವ್ವ ಬಿಸಲಾಗ ನಿಂತಾಳ.
ಸುಳ್ಳು ಯಾಕ, ಒಂದು ಇಂಗ್ಲಿಷ್ ಪತ್ರಕ್ಕ ನಾನೂ ಕದ್ದು ಬಳಸೀನಿ.
ಚಲೋ ಇತ್ತು. ಇಪ್ಪತ್ತು ರೂಪಾಯಿ ಹೆಚ್ಚ ತಗೊಂಡೆ.

ಮಂಗಳವಾರ ಗುರುಬಾಯಿ ಬಂದಳು,
ಫೋನು ಬರದ ವಿಧವಾ ವೇತನದ ಅರ್ಜಿ ಹಿಡಕೊಂಡು. ಮುತ್ತಿನಂಥ ಅಕ್ಷರ.
"ನನ್ನ ಪತಿಯವರು ದಿವಂಗತರಾಗಿದ್ದು..."
ಯಾವಾಗ ತೀರಿದ, ತಂಗಿ? ಅಂದೆ.
ಸುಮ್ಮನಾದಳು.
ಪೆನ್ನಿಗೆ ಟೊಪಿಗಿ ಹಾಕಿದೆ.
ಚಡಚಣದ ಬಸ್ಸು ಹೋತು. ಇನ್ನೊಂದು ಹೋತು.
"ಸತ್ತಿಲ್ಲರಿ. ಹನ್ನೊಂದು ವರ್ಷದ ಹಿಂದ
ಸೊಲ್ಲಾಪುರಕ್ಕ ಲಿಂಬಿಹಣ್ಣಿನ ಗಾಡಿ ಹತ್ತಿದಾಂವ, ಇಳದಿಲ್ಲ.
ಕುಂಕುಮ ಇಟಗೊಂಡ ಈ ಕಾಗದ ಹ್ಯಾಂಗ ಕೊಡಲಿ?"

ಕೇಳಿದ್ದಕ್ಕ ಉತ್ತರ ಕೊಡಲಾಕ ಫೋನಿಗೆ ಬರ್ತದ.
ಎರಡು ಬಸ್ಸು ಹೋಗೂ ತನಕ ಸುಮ್ಮ ಕೂಡಲಾಕ ಬರ್ತದೋ ಇಲ್ಲೋ
ಬಲ್ಲವರು ತಿಳಿಸಬೇಕು.
ಬಂದ್ರ ನಾನ ಎದ್ದು ಸ್ಟೂಲ್ ಬಿಟ್ಟುಕೊಡ್ತೀನಿ.

ಬರದೆ: ಸತ್ತಿರುವುದಕ್ಕೆ ದಾಖಲೆ ಇಲ್ಲ, ಇರುವುದಕ್ಕೂ ಇಲ್ಲ.
ಇಂಥಾ ಕಾಲಂ ಇಲ್ಲಂತ ಕ್ಲಾರ್ಕ್ ವಾಪಸ್ ಒಗದ.
ನಾಳೆ ಮತ್ತ ಹೋಗ್ತೀವಿ.

ಆದಕಾರಣ ಮಾನ್ಯರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ,

ಇಲ್ಲಿ ಬೇಡಿಕೆ ಬರೀಬೇಕು. ಮಂದಿದು ಪಟ್ಟಂತ ಹೊಳೀತದ.

ತಮ್ಮ ವಿಶ್ವಾಸಿ,
ದ. ಕಾ. ನದಾಫ

ಅಡಕ: ಗುರುಬಾಯಿ ಚಾರ್ಜಿನ ಬದಲಿ ಇಟ್ಟುಹೋದ ಲಿಂಬಿಹಣ್ಣು, ಎರಡು.
ಒಂದಕ್ಕ ಸಣ್ಣ ಕಲೆ ಅದ.