ಹದಿನಾಲ್ಕು ದಿನದ ಫೋನು

ಕೊರಿಯರಿನವನು ಸಹಿ ಹಾಕಿಸಿಕೊಂಡು ಹೋದ.
ಫೋನು ನನ್ನದಲ್ಲ, ಕಂಪನಿಯದು;
ಹದಿನಾಲ್ಕು ದಿನ ಇಟ್ಟುಕೊಂಡು, ಬರೆದು,
ಗೀರು ಬೀಳದಂತೆ ವಾಪಸು ಮಾಡಬೇಕು.

ಮೊದಲ ಬೆಳಗು ನಾಲ್ಕೂ ಮುಕ್ಕಾಲಿಗೆ ಹೊಡಕೊಂಡಿತು.
ಪರದೆಯ ಮೇಲೆ: ‘ನೀರು ಬಿಟ್ರು, ಮೋಟ್ರು ಹಾಕು.’
ನನಗಿಂತ ಮುಂಚೆ ಇದನ್ನು ಪರೀಕ್ಷಿಸಿದ ಯಾರೋ
ಅಳಿಸಲು ಮರೆತ ಅಲಾರಾಂ.
ನಮ್ಮ ಬೀದಿಗೆ ಕಾವೇರಿ ಇನ್ನೂ ಬಂದಿಲ್ಲ,
ಬರುವುದು ಟ್ಯಾಂಕರು, ಅದಕ್ಕೆ ಹೊತ್ತಿಲ್ಲ ಗೊತ್ತಿಲ್ಲ.

ಹಗಲೆಲ್ಲ ನನ್ನ ಕೆಲಸ.
ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಬ್ಯಾಟರಿಯ ಲೆಕ್ಕ ಬರೆದುಕೊಂಡೆ,
ಹಸಿರಾಗುವಷ್ಟರಲ್ಲಿ ಶೇಕಡಾ ನಾಲ್ಕು ಇಳಿದಿತ್ತು.
‘ಹುರುಳಿಕಾಯಿ’ ಅಂತ ಒತ್ತಿದರೆ
‘ಹುರುಳಿಲ್ಲ’ ಅಂತ ತಿದ್ದುತ್ತದೆ.
ಮಡಿವಾಳದ ಸೊಪ್ಪಿನ ಮುನಿತಾಯಮ್ಮನ ಪಟ
ರಾತ್ರಿ ಮೋಡಿನಲ್ಲಿ ತೆಗೆದೆ;
ಕೆನ್ನೆಯ ಸುಕ್ಕನ್ನೆಲ್ಲ ಕೇಳದೆಯೇ ಇಸ್ತ್ರಿ ಮಾಡಿತು.
ನೋಡಿ ನಕ್ಕಳು:
‘ಇವ್ಳ್ಯಾರವ್ವಾ, ನನ್ ಜಾಗ್ದಾಗೆ ಕುಂತವ್ಳೆ?’

ಅಲಾರಾಂ ಆರಿಸಬಹುದಿತ್ತು.
ಆರಿಸಲಿಲ್ಲ.
ದಿನ ಬಿಟ್ಟು ದಿನ ಎದ್ದು, ಅಡುಗೆಮನೆಯ ಕತ್ತಲಲ್ಲಿ ಕೂತು,
ಎಲ್ಲಿಯದೋ ಸಂಪು ತುಂಬುವಷ್ಟು ಹೊತ್ತು
ಕಾಫಿ ಕುಡಿದೆ.
ಒಂದು ದಿನ ಅದು ಬಡಿಯುವ ಮೊದಲೇ ಎಚ್ಚರ.

ಲೇಖನದಲ್ಲಿ ಎಲ್ಲ ಬರೆದೆ: ತೂಕ, ಬಿಸಿ, ಬೆಲೆ,
ಐದಕ್ಕೆ ಮೂರೂವರೆ.
ಅಲಾರಾಂ ಬಗ್ಗೆ ಎರಡೇ ಪದ: ಸದ್ದು ಸ್ಪಷ್ಟ.

ಪೆಟ್ಟಿಗೆಗೆ ಹಾಕುವ ಮುನ್ನ ಎಲ್ಲ ಅಳಿಸಬೇಕು.
‘ಖಚಿತವೇ?’ ಅಂತ ಎರಡು ಸಲ ಕೇಳುತ್ತದೆ.
ಒಂದಕ್ಕೆ ಹೌದು ಅಂದೆ.
ಇನ್ನೊಂದನ್ನು ಹಾಗೇ ಕಾಯಿಸಿ
ನನ್ನ ಹಳೇ ಫೋನು ತೆಗೆದು
ಬಿರುಕು ಗಾಜಿನ ಮೇಲೆ ಒತ್ತಿದೆ:
ನಾಲ್ಕೂ ಮುಕ್ಕಾಲು. ನೀರು ಬಿಟ್ರು.